‘ವಿಂಡೋ’ ಪದದ ಕೊನೆಯಲ್ಲೊಂದು ಕಣ್ಣು

ಮನೆ ಕಟ್ಟಿಸುವಾಗ ಬಡಗಿಯವರು ಒಂದು ಚೀಟಿ ಬರೆದುಕೊಟ್ಟಿದ್ದರು. ಕನ್ನಡ ಅಕ್ಷರದಲ್ಲೇ, ದಪ್ಪ ಪೆನ್ಸಿಲ್ಲಿನಲ್ಲಿ: ‘ಡೋರ್ 5, ವಿಂಡೋ 7, ವೆಂಟಿಲೇಟರ್ 3’. ಮರದ ಲೆಕ್ಕ ಹಾಕೋಕೆ ಅವರಿಗೆ ಅಷ್ಟು ಸಾಕು. ನನಗೆ ಮಾತ್ರ ಆ ಎರಡನೇ ಪದ ತಲೆಯಲ್ಲಿ ಕೂತುಬಿಟ್ಟಿತು. ‘ವಿಂಡ್’ ಅಂದರೆ ಗಾಳಿ. ಅದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಹಾಗಾದರೆ ಕೊನೆಯಲ್ಲಿರುವ ಆ ‘ಓ’ ಏನು? ಸುಮ್ನೆ ಅಂಟಿಕೊಂಡ ಬಾಲವಾ?

ಅಲ್ಲ. ಅದು ಕಣ್ಣು.

ಇಂಗ್ಲಿಷಿನ ‘ವಿಂಡೋ’ ಇಂಗ್ಲಿಷಿನಲ್ಲೇ ಹುಟ್ಟಿದ ಪದವಲ್ಲ. ಸಾವಿರ ವರ್ಷಗಳ ಹಿಂದೆ ಡೆನ್ಮಾರ್ಕ್, ನಾರ್ವೆ ಕಡೆಯ ಜನ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅವರ ಮಾತಿನಲ್ಲಿ ಅದು ‘ವಿಂಡೌಗ’. ‘ವಿಂಡ್’ ಅಂದರೆ ಗಾಳಿ, ‘ಔಗ’ ಅಂದರೆ ಕಣ್ಣು. ಮಳೆ, ಕಾಲ ಸೇರಿ ಮಳೆಗಾಲ ಆಗುವ ಹಾಗೆ ಕನ್ನಡದಲ್ಲಿ ಕೂಡಿಸಿದರೆ ‘ಗಾಳಿಗಣ್ಣು’. ನನಗಂತೂ ಈ ಪದವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಒಂದು ಖುಷಿ.

‘ಔಗ’ ಹೇಗೆ ಬರೀ ‘ಓ’ ಆಯಿತು ಅಂತ ಅನುಮಾನ ಬರುವುದು ಸಹಜ. ಪದಗಳು ಬಾಯಿಂದ ಬಾಯಿಗೆ ಹೋಗುವಾಗ ಸವೆಯುತ್ತವೆ. ಆದರೆ ಮನಬಂದಂತೆ ಸವೆಯುವುದಿಲ್ಲ, ಅದಕ್ಕೊಂದು ದಾರಿ ಇರುತ್ತದೆ. ಹಳಗನ್ನಡದ ಪಾಲು ನಮ್ಮ ಕಾಲಕ್ಕೆ ಹಾಲು ಆಯಿತು, ಪೂ ಹೂ ಆಯಿತು, ಪುಲಿ ಹುಲಿ ಆಯಿತು. ಒಂದೆರಡು ಪದವಲ್ಲ, ಸಾಲುಸಾಲಾಗಿ ಬದಲಾದವು. ಇಂಗ್ಲಿಷಿನಲ್ಲೂ ಹಾಗೇ, ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದ ‘ಗ’ ಮೆತ್ತಗಾಗಿ ಕೊನೆಗೆ ‘ವ’ ಆಗಿ ಕರಗಿಹೋಯಿತು. ಬಿಲ್ಲಿಗೆ ಹಳೆಯ ಇಂಗ್ಲಿಷಿನಲ್ಲಿ ‘ಬೊಗ’ ಅನ್ನುತ್ತಿದ್ದರು, ಈಗ ‘ಬೋ’. ಅದೇ ದಾರಿಯಲ್ಲಿ ‘ವಿಂಡೌಗ’ ನಡೆದುಬಂತು. 13ನೇ ಶತಮಾನದ ಬರಹಗಳಲ್ಲಿ ಅದು ‘ವಿಂಡೋಗೆ’ ಎನ್ನುವಂಥ ರೂಪದಲ್ಲಿ ಸಿಗುತ್ತದೆ. ಆಗಿನ್ನೂ ಆ ‘ಗ’ ಪೂರ್ತಿ ಅಳಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಹೀಗೆ ಮರೆಯಾದ ಕಣ್ಣು ಇದೊಂದೇ ಅಲ್ಲ. ‘ಡೈಸಿ’ ಹೂವು ಗೊತ್ತಲ್ವಾ, ಬಿಳಿ ಎಸಳು, ನಡುವೆ ಹಳದಿ ಬೊಟ್ಟು? ಆ ಹೆಸರು ಮೊದಲು ‘ಡೇಸ್ ಐ’ ಆಗಿತ್ತು, ಹಗಲಿನ ಕಣ್ಣು. ಬೆಳಗಾದಾಗ ಅರಳಿ ಸಂಜೆ ಮುಚ್ಚಿಕೊಳ್ಳುವ ಹೂವಿಗೆ ಎಷ್ಟು ಚೆಂದದ ಹೆಸರು! ಅಲ್ಲಿ ಕಣ್ಣು ಸವೆದು ‘ಇ’ ಆಯಿತು, ವಿಂಡೋದಲ್ಲಿ ‘ಓ’ ಆಯಿತು.

ಹಾಗಂತ ಕಣ್ಣು ಅಂದಕೂಡಲೇ ನೋಡುವುದನ್ನೇ ನೆನೆಯಬೇಕಿಲ್ಲ. ನಾವು ಸೂಜಿಯ ಕಣ್ಣು ಅನ್ನುತ್ತೇವೆ. ತೆಂಗಿನಕಾಯಿಗೆ ಮೂರು ಕಣ್ಣು ಅನ್ನುತ್ತೇವೆ. ಸೂಜಿಯೂ ನೋಡುವುದಿಲ್ಲ, ಕಾಯಿಯೂ ನೋಡುವುದಿಲ್ಲ. ಸಣ್ಣ ತೂತಿಗೆ ಕಣ್ಣು ಅನ್ನುವುದು ಬಹಳ ಭಾಷೆಗಳಲ್ಲಿ ಇದೆ. ಹಾಗಾಗಿ ವಿಂಡೌಗ ಅಂದರೆ ಮೊದಲಿಗೆ ಗಾಳಿಯಾಡುವ ತೂತು, ಅಷ್ಟೇ. ಕೂತು ಹೊರಗೆ ನೋಡುವ ಸುಖ ಆಮೇಲೆ ಬಂದದ್ದು ಅಂತ ನನ್ನ ಅನಿಸಿಕೆ. ಯಾಕೆ ಅಂತ ತಿಳಿಯಬೇಕಾದರೆ ಆ ಜನರ ಮನೆಯೊಳಗೆ ಒಂದು ಸಲ ಹೋಗಿ ಬರಬೇಕು.

ಅವರದು ಉದ್ದನೆಯ ಮನೆ. ಮರದ ಕಂಬಗಳು. ಕೆಲವು ಕಡೆ ಹಲಗೆಯ ಗೋಡೆ, ಮರ ಕಡಿಮೆ ಇರುವ ಐಸ್‌ಲ್ಯಾಂಡ್‌ನಂಥ ಕಡೆ ಹುಲ್ಲುಹೆಂಟೆಯ ದಪ್ಪ ಗೋಡೆ. ಮನೆಯ ನಡುಭಾಗದಲ್ಲಿ ನೆಲದ ಮೇಲೇ ಬೆಂಕಿ. ಅಡುಗೆಗೂ ಅದೇ, ಚಳಿಗೂ ಅದೇ, ಬೆಳಕಿಗೂ ಅದೇ. ಹೊಗೆಗೂಡು ಇಲ್ಲ. ಕಿಟಕಿಗೆ ಗಾಜಂತೂ ಇಲ್ಲವೇ ಇಲ್ಲ. ಚಳಿಯ ನಾಡಿನಲ್ಲಿ ಗೋಡೆಗೆ ದೊಡ್ಡ ಕಂಡಿ ಬಿಟ್ಟರೆ ಬದುಕೋದು ಕಷ್ಟ. ಹಾಗಾಗಿ ಇದ್ದಬದ್ದ ತೂತುಗಳೆಲ್ಲ ಸಣ್ಣವು. ಮಾಡಿನಲ್ಲಿ ಬೆಂಕಿಯ ನೇರಕ್ಕೆ ಒಂದು ಕಂಡಿ ಇರುತ್ತಿತ್ತು. ಹೊಗೆ ಅಲ್ಲಿಂದ ಹೊರಗೆ, ಬೆಳಕು ಅಲ್ಲಿಂದ ಒಳಗೆ. ಅದಕ್ಕೆ ಅವರು ಇಟ್ಟಿದ್ದ ಹೆಸರು ‘ಲ್ಯೋರಿ’. ಅದು ಬೆಳಕು ಅನ್ನುವ ಪದದ ನಂಟಿನದು.

ಇದನ್ನು ಓದಿದಾಗ ನನಗೆ ನೆನಪಾದದ್ದು ಮಲೆನಾಡಿನ ಅಜ್ಜಿಮನೆಯ ಅಡುಗೆಮನೆ. ಮಣ್ಣಿನ ಗೋಡೆಯ ಮೇಲ್ತುದಿಯಲ್ಲಿ, ಮಾಡಿಗೆ ತಾಗಿದ ಹಾಗೆ, ಅಂಗೈ ಅಗಲದ ಒಂದು ಬೆಳಕಿಂಡಿ ಇತ್ತು. ಸುತ್ತಲಿನ ಗೋಡೆ ಹೊಗೆ ಹಿಡಿದು ಕಪ್ಪಾಗಿ ಮಿರಿಮಿರಿ ಮಿಂಚುತ್ತಿತ್ತು. ಬೆಳಗ್ಗೆ ಅಜ್ಜಿ ಒಲೆ ಹಚ್ಚಿ ಊದುಕೊಳವೆಯಲ್ಲಿ ಊದಿದರೆ ಹಸಿ ಕಟ್ಟಿಗೆಯ ಹೊಗೆ ಮೊದಲು ಕೋಣೆಯೆಲ್ಲ ಸುತ್ತಾಡಿ, ಆಮೇಲೆ ಆ ಕಿಂಡಿಯ ದಾರಿ ಹಿಡಿಯುತ್ತಿತ್ತು. ಅದೇ ಹೊತ್ತಿಗೆ ಅಲ್ಲಿಂದ ಒಂದು ಬಿಸಿಲುಕೋಲು ಒಳಗೆ ಇಳಿಯುತ್ತಿತ್ತು. ಹೊಗೆ ಹತ್ತುವುದು, ಬಿಸಿಲು ಇಳಿಯುವುದು, ಎರಡೂ ಒಂದೇ ತೂತಿನಲ್ಲಿ. ಬಿಸಿಲು ನೆಲದ ಒರಳುಕಲ್ಲು ಮುಟ್ಟಿದರೆ ‘ದೋಸೆ ಆಯ್ತು, ಎಲ್ಲರನ್ನೂ ಕರಿ’ ಅನ್ನುತ್ತಿದ್ದಳು. ಆ ಕಿಂಡಿಯಿಂದ ಯಾರೂ ಯಾವತ್ತೂ ಹೊರಗೆ ನೋಡಿದವರಿಲ್ಲ. ಏಣಿ ಹಾಕಬೇಕಿತ್ತು. ಬೆಳಕು, ಕಿಂಡಿ ಎರಡು ಸೇರಿ ಬೆಳಕಿಂಡಿ. ನಾರ್ಸ್ ಜನರ ಲ್ಯೋರಿಯೂ ನಮ್ಮ ಬೆಳಕಿಂಡಿಯೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಮಾತು ಹೇಳಿದ ಹಾಗಿದೆ.

ಸರಿ, ಆ ಜನರ ಪದ ಇಂಗ್ಲಿಷಿಗೆ ಬಂದದ್ದು ಹೇಗೆ?

ವೈಕಿಂಗರು ಅಂದರೆ ದೋಣಿಯಲ್ಲಿ ಬಂದು ಮಠ ದೋಚುವವರು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. 793ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ಮಠದ ಮೇಲೆ ಅವರು ಬಿದ್ದದ್ದು ನಿಜ. 865ರಲ್ಲಿ ದೊಡ್ಡ ಸೈನ್ಯವೇ ಬಂತು, ಮರುವರ್ಷ ಯಾರ್ಕ್ ಪಟ್ಟಣ ಅವರ ಕೈಗೆ ಹೋಯಿತು. ಆದರೆ ಪದಗಳ ಕಥೆಗೆ ಬೇಕಾದದ್ದು ಅದರ ನಂತರ ನಡೆದದ್ದು. ಅವರು ಅಲ್ಲೇ ಉಳಿದರು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ಜಮೀನು ಮಾಡಿದರು, ಮನೆ ಕಟ್ಟಿದರು, ಅಲ್ಲಿನವರನ್ನು ಮದುವೆಯಾದರು. ಆ ಸೀಮೆಗೆ ಡೇನ್‌ಲಾ ಎಂದು ಹೆಸರಾಯಿತು. ಇವತ್ತಿಗೂ ಆ ಕಡೆಯ ಊರುಗಳ ಹೆಸರು ನೋಡಿ: ಡರ್ಬಿ, ವಿಟ್‌ಬಿ, ಗ್ರಿಮ್ಸ್‌ಬಿ. ಕೊನೆಯ ‘ಬಿ’ ನಾರ್ಸ್ ಭಾಷೆಯದು, ನಮ್ಮ ‘ಹಳ್ಳಿ’, ‘ಊರು’ ಇದ್ದ ಹಾಗೆ.

ಎರಡು ಭಾಷೆಗಳೂ ಒಂದೇ ಮನೆತನದವು. ನಾರ್ಸಿನಲ್ಲಿ ಕಣ್ಣಿಗೆ ‘ಔಗ’, ಹಳೆಯ ಇಂಗ್ಲಿಷಿನಲ್ಲಿ ‘ಏಆಗೆ’. ಗಾಳಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಕ್ಕಪಕ್ಕದ ಜಮೀನಿನವರು ತಡವರಿಸುತ್ತಲೇ ಒಬ್ಬರ ಮಾತು ಒಬ್ಬರು ತಿಳಿದುಕೊಂಡಿರಬೇಕು. ನಮ್ಮ ಗಡಿ ಊರುಗಳಲ್ಲಿ ಕನ್ನಡ, ತೆಲುಗು, ಮರಾಠಿ ಬೆರೆಯುವ ಹಾಗೆ. ಹಾಗೆ ಬೆರೆತಾಗ ದಾಟಿಬರುವುದು ದರ್ಬಾರಿನ ಪದಗಳಲ್ಲ, ಅಡುಗೆಮನೆ, ಕೊಟ್ಟಿಗೆಯ ಪದಗಳು. ಇಂಗ್ಲಿಷಿನ ‘ಎಗ್’ ನಾರ್ಸಿನದು. ‘ನೈಫ್’ ನಾರ್ಸಿನದು. ‘ಟೇಕ್’, ‘ಸ್ಕಿನ್’, ‘ಲೆಗ್’, ‘ಸ್ಕೈ’ ಎಲ್ಲ ಅಲ್ಲಿಂದಲೇ. ‘ಹಸ್ಬೆಂಡ್’ ಅನ್ನುವ ಪದ ಬಿಡಿಸಿದರೆ ‘ಮನೆಯ ಯಜಮಾನ’ ಸಿಗುತ್ತಾನೆ. ಅದರ ಮೊದಲ ಭಾಗ ಮನೆ ಅನ್ನುವ ಅರ್ಥದ ‘ಹೂಸ್’. ಕೊನೆಗೆ ‘ಅವರು’ ಅನ್ನುವುದಕ್ಕೆ ಇಂಗ್ಲಿಷರು ಬಳಸುವ ‘ದೇ’ ಕೂಡ ನಾರ್ಸಿನದು. ಒಂದು ಭಾಷೆ ತನ್ನ ಸರ್ವನಾಮವನ್ನೇ ಪಕ್ಕದ ಮನೆಯಿಂದ ತಂದುಕೊಳ್ಳುವುದು ತೀರಾ ಅಪರೂಪ. ಒಡನಾಟ ಅಷ್ಟು ಗಟ್ಟಿ ಇತ್ತು.

ಇವೆಲ್ಲ ಒಂದೇ ದಿನ ಗೆದ್ದುಬಿಡಲಿಲ್ಲ. ‘ಎಗ್’ ಪದದ ಒಂದು ಪ್ರಸಂಗವನ್ನು ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಬರೆದಿಟ್ಟಿದ್ದಾನೆ. ಗಾಳಿಯಿಲ್ಲದೆ ಹಡಗು ನಿಂತಾಗ ಕೆಲವು ವರ್ತಕರು ದಡಕ್ಕೆ ಬಂದು ಒಬ್ಬ ಹೆಂಗಸನ್ನು ‘ಎಗ್ಗೆಸ್’ ಕೊಡು ಅಂತ ಕೇಳುತ್ತಾರೆ. ಅವಳು ‘ನನಗೆ ಫ್ರೆಂಚ್ ಬರಲ್ಲ’ ಅನ್ನುತ್ತಾಳೆ. ಕೇಳಿದವನಿಗೆ ಸಿಟ್ಟು, ಯಾಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಕೊನೆಗೆ ಇನ್ನೊಬ್ಬ ಬಂದು ‘ಐರೆನ್’ ಬೇಕಂತೆ ಅಂದಾಗ ಅವಳಿಗೆ ಅರ್ಥವಾಗುತ್ತದೆ. ‘ಐರೆನ್’ ಹಳೆಯ ಇಂಗ್ಲಿಷಿನ ಮೊಟ್ಟೆ, ‘ಎಗ್’ ನಾರ್ಸಿನ ಮೊಟ್ಟೆ. ವೈಕಿಂಗರು ನೆಲೆಸಿ ಆರು ಶತಮಾನ ಕಳೆದರೂ ಅವರ ಪದ ಇನ್ನೂ ಎಲ್ಲ ಊರಿಗೆ ಮುಟ್ಟಿರಲಿಲ್ಲ.

ವಿಂಡೋಗೂ ಹೀಗೇ ಎದುರಾಳಿಗಳಿದ್ದವು. ಇಂಗ್ಲಿಷಿನ ಸ್ವಂತ ಪದ ‘ಏಆಗ್‌ಥಿರೆಲ್’. ಅಂದರೆ ಕಣ್ಣುತೂತು. ‘ಥಿರೆಲ್’ ಅಂದರೆ ರಂಧ್ರ. ಈ ‘ಥಿರೆಲ್’ ಈಗ ಒಂಟಿಯಾಗಿ ಉಳಿದಿಲ್ಲ, ಆದರೆ ನಮ್ಮೆಲ್ಲರ ಮುಖದ ಮೇಲೆ ಉಳಿದಿದೆ. ಮೂಗಿನ ಹೊಳ್ಳೆಗೆ ಇಂಗ್ಲಿಷಿನಲ್ಲಿ ‘ನಾಸ್ಟ್ರಿಲ್’ ಅನ್ನುತ್ತಾರಲ್ಲ, ಅದು ‘ನೋಸ್‌ಥಿರೆಲ್’, ಮೂಗಿನ ತೂತು. ಚರಿತ್ರೆ ಸ್ವಲ್ಪ ಬೇರೆ ದಾರಿ ಹಿಡಿದಿದ್ದರೆ ಇವತ್ತು ಕಿಟಕಿಗೆ ‘ಐಟ್ರಿಲ್’ ಅನ್ನುವಂಥ ಹೆಸರು ಇರುತ್ತಿತ್ತೇನೋ. ‘ಕಣ್ಣುಬಾಗಿಲು’ ಅನ್ನುವ ಇನ್ನೊಂದು ಪದವೂ ಇತ್ತು. ಅದರ ಅಣ್ಣನಂಥ ಪದ ಇನ್ನೂ ಹಿಂದೆ, 4ನೇ ಶತಮಾನದಲ್ಲಿ, ವುಲ್ಫಿಲ ಎಂಬ ಬಿಷಪ್ ಗೋಥಿಕ್ ಭಾಷೆಗೆ ಮಾಡಿದ ಬೈಬಲ್ ಅನುವಾದದಲ್ಲಿದೆ: ‘ಔಗದೌರೊ’. ಸಂತ ಪೌಲನನ್ನು ಬುಟ್ಟಿಯಲ್ಲಿ ಕೂರಿಸಿ ಡಮಾಸ್ಕಸ್ ಕೋಟೆಗೋಡೆಯ ಕಿಟಕಿಯಿಂದ ಇಳಿಸಿ ಪಾರುಮಾಡಿದ ಕಡೆ ಆ ಪದ ಬರುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಳುವವರ ಭಾಷೆ ಫ್ರೆಂಚ್ ಆಯಿತು. ಮನೆಗೆ ಸಂಬಂಧಿಸಿದ ಎಷ್ಟೋ ಪದ ಆಗ ಬಂದವು: ಚೇಂಬರ್, ಚಿಮಣಿ, ಟವರ್, ಪಿಲ್ಲರ್, ಪೋರ್ಚ್. ಕಿಟಕಿಗೂ ಒಂದು ಪದ ಬಂತು, ‘ಫೆನೆಸ್ಟರ್’. ಲ್ಯಾಟಿನ್ನಿನ ‘ಫೆನೆಸ್ತ್ರಾ’ದ ಮೊಮ್ಮಗು. ಓದಿದವರ ಪದ, ಚರ್ಚಿನ ಪದ, ಅರಮನೆಯ ಪದ. 16ನೇ ಶತಮಾನದವರೆಗೂ ಅದು ವಿಂಡೋ ಜೊತೆಜೊತೆಗೇ ಬದುಕಿತ್ತು. ಜರ್ಮನರು ‘ಫೆನ್‌ಸ್ಟರ್’ ಅನ್ನುತ್ತಾರೆ, ಫ್ರೆಂಚರು ‘ಫೆನೆತ್ರ್’, ಇಟಲಿಯವರು ‘ಫಿನೆಸ್ತ್ರ’. ಇಂಗ್ಲಿಷಿನಲ್ಲಿ ಮಾತ್ರ ಸೋತಿತು. ಯಾಕೆ ಅಂತ ಖಚಿತ ಉತ್ತರ ಕೊಡುವುದು ಕಷ್ಟ. ನನಗೆ ಅನಿಸುವುದು ಇಷ್ಟು: ಗೋಡೆಗೆ ಕಂಡಿ ಬಿಡುವವನು ಗಾರೆಯವ, ಚೌಕಟ್ಟು ಕೂರಿಸುವವನು ಬಡಗಿ. ಅವರ ಬಾಯಲ್ಲಿ ಇದ್ದ ಪದವೇ ಕೊನೆಗೆ ಉಳಿಯಿತು. ಇವತ್ತೂ ನಮ್ಮ ಕೆಲಸದ ಜಾಗದಲ್ಲಿ ಗೆಲ್ಲುವುದು ಮೇಸ್ತ್ರಿ ಕೂಗಿ ಹೇಳುವ ಪದವೇ ಅಲ್ವಾ?

ಸೋತ ಫೆನೆಸ್ಟರ್ ಇಂಗ್ಲಿಷಿನ ಒಂದು ಮೂಲೆಯಲ್ಲಿ ಉಳಿದಿದೆ. ಯಾರನ್ನಾದರೂ ಕಿಟಕಿಯಿಂದ ಹೊರಗೆ ಎಸೆಯುವುದಕ್ಕೆ ‘ಡಿಫೆನೆಸ್ಟ್ರೇಷನ್’ ಅಂತಾರೆ. 1618ರ ಮೇ 23ರಂದು ಪ್ರಾಗ್ ಕೋಟೆಯಲ್ಲಿ ಇಬ್ಬರು ರಾಜಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಹಾಗೆ ಎಸೆದರು. ಮೂವರೂ ಬದುಕಿದರು. ಆದರೆ ಅದರಿಂದ ಹೊತ್ತಿಕೊಂಡ ಯುದ್ಧ 30 ವರ್ಷ ನಡೆಯಿತು.

ವಿಂಡೌಗ ಇಂಗ್ಲೆಂಡಿನಲ್ಲಷ್ಟೇ ಇಳಿಯಲಿಲ್ಲ. ವೈಕಿಂಗರು ಡಬ್ಲಿನ್ ಪಟ್ಟಣದಲ್ಲೂ ನೆಲೆಸಿದ್ದರು. ಐರಿಷ್ ಭಾಷೆಯಲ್ಲಿ ಕಿಟಕಿಗೆ ‘ಫಿನ್ಯೋಗ್’, ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ‘ಉನ್ಯಾಗ್’. ಎರಡೂ ಅದೇ ಗಾಳಿಗಣ್ಣು. ಡೆನ್ಮಾರ್ಕ್, ನಾರ್ವೆಗಳಲ್ಲಿ ಈಗಲೂ ‘ವಿಂಡು’ ಎನ್ನುವಂಥ ಪದವೇ ಇದೆ. ಸ್ವೀಡನ್ನಿನವರು ಮಾತ್ರ ಜರ್ಮನ್ ಕಡೆಯಿಂದ ‘ಫೋನ್‌ಸ್ಟರ್’ ತಂದುಕೊಂಡರು.

ಇನ್ನು ಬೇರೆ ಭಾಷೆಗಳವರು ಗೋಡೆಯ ಈ ತೂತಿಗೆ ಏನಂದರು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ‘ವೆಂತಾನ’. ಅದು ಲ್ಯಾಟಿನ್ನಿನ ‘ವೆಂಟುಸ್’ ಅಂದರೆ ಗಾಳಿಯಿಂದ ಬಂದದ್ದು. ನಮ್ಮ ಬಡಗಿಯ ಚೀಟಿಯ ಮೂರನೇ ಪದ ವೆಂಟಿಲೇಟರ್ ಇದೆಯಲ್ಲ, ಅದರ ಬೇರೂ ಅದೇ ವೆಂಟುಸ್. ಅಂದರೆ ಆ ಚೀಟಿಯಲ್ಲಿ ಗಾಳಿ ಎರಡು ಸಲ ಬಂದಿತ್ತು, ಒಮ್ಮೆ ವೈಕಿಂಗರ ದೋಣಿಯಲ್ಲಿ, ಒಮ್ಮೆ ರೋಮಿನ ದಾರಿಯಲ್ಲಿ. ರಷ್ಯನ್ನರು ಕಿಟಕಿಗೆ ‘ಒಕ್ನೊ’ ಅನ್ನುತ್ತಾರೆ. ‘ಒಕೊ’ ಅಂದರೆ ಅವರ ಹಳೆಯ ಮಾತಿನಲ್ಲಿ ಕಣ್ಣು. ಪೋರ್ಚುಗೀಸರದು ‘ಜನೆಲ’. ಲ್ಯಾಟಿನ್ನಿನಲ್ಲಿ ‘ಯಾನುವ’ ಅಂದರೆ ಬಾಗಿಲು, ಜನೆಲ ಅಂದರೆ ಪುಟ್ಟ ಬಾಗಿಲು. ಬಾಗಿಲಿನ ದೇವರು ಯಾನುಸ್, ವರ್ಷದ ಬಾಗಿಲಾದ ಜನವರಿ ತಿಂಗಳು, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಈ ಜನೆಲ ನಮ್ಮ ಪಶ್ಚಿಮ ಕರಾವಳಿಗೂ ಹಡಗಿನಲ್ಲಿ ಬಂದು ಇಳಿಯಿತು. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಇವತ್ತೂ ‘ಜನೆಲ್’ ತೆಗಿ ಅನ್ನುತ್ತಾರೆ. ತಮಿಳಿನ ‘ಜನ್ನಲ್’, ಮಲಯಾಳದ ‘ಜನಲ್’ ಅದೇ.

ನಮ್ಮ ‘ಕಿಟಕಿ’ಯ ಕಥೆಯೂ ಇದಕ್ಕೆ ಹತ್ತಿರ. ಹಿಂದಿಯಲ್ಲಿ, ಮರಾಠಿಯಲ್ಲಿ ‘ಖಿಡಕಿ’. ಉತ್ತರ ಕರ್ನಾಟಕದಲ್ಲಿ ‘ಕಿಡಕಿ’ ಅಂತಲೇ ಅನ್ನುವವರಿದ್ದಾರೆ. ಆ ಪದದ ಹಿಂದಿನ ಪ್ರಾಕೃತ ರೂಪಕ್ಕೆ ಪಕ್ಕದ ಬಾಗಿಲು, ಸಣ್ಣ ಬಾಗಿಲು ಎಂಬ ಅರ್ಥವಿತ್ತು. ಕೋಟೆಯ ದಿಡ್ಡಿಬಾಗಿಲನ್ನು ನೆನೆಸಿಕೊಳ್ಳಿ. ದೊಡ್ಡ ಬಾಗಿಲು ಮುಚ್ಚಿದ ಮೇಲೂ ಒಬ್ಬೊಬ್ಬರೇ ತಲೆ ಬಗ್ಗಿಸಿ ನುಸುಳುವ ಬಾಗಿಲು. ಆ ನುಸುಳುಬಾಗಿಲು ಕಾಲಕ್ರಮದಲ್ಲಿ ಮೇಲಕ್ಕೆ ಸರಿದು ಕಿಟಕಿಯಾಯಿತು.

ಕನ್ನಡದ ‘ಕಿಂಡಿ’ಗೆ ಎರಡೂ ಕೆಲಸ ಗೊತ್ತು. ಚಿತ್ರದುರ್ಗದ ಓಬವ್ವನ ಕಿಂಡಿ ಮನುಷ್ಯ ತೆವಳಿಕೊಂಡು ನುಗ್ಗುವ ಕಿಂಡಿ. ಹೈದರಾಲಿಯ ಸೈನಿಕರು ಅಲ್ಲಿಂದಲೇ ಒಬ್ಬೊಬ್ಬರಾಗಿ ಒಳಬಂದರು, ಒನಕೆಯ ಪೆಟ್ಟು ತಿಂದರು ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಉಡುಪಿಯ ಕನಕನ ಕಿಂಡಿ ನೋಡುವ ಕಿಂಡಿ. ಅಲ್ಲಿ ಮೈ ನುಗ್ಗುವುದಿಲ್ಲ, ನೋಟ ಮಾತ್ರ ಹೋಗುತ್ತದೆ.

ಸಂಸ್ಕೃತದಲ್ಲಿ ಕಿಟಕಿಗೆ ಇರುವ ಎರಡು ಪದಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇಡೀ ವಿಷಯದಲ್ಲಿ ನನ್ನನ್ನು ಜಾಸ್ತಿ ಹಿಡಿದದ್ದು ಇದೇ. ಅಮರಕೋಶದಲ್ಲಿ ಅವೆರಡೂ ಅಕ್ಕಪಕ್ಕ ಕೂತಿವೆ: ‘ವಾತಾಯನಂ ಗವಾಕ್ಷಃ’. ವಾತಾಯನ ಅಂದರೆ ವಾತದ, ಅಂದರೆ ಗಾಳಿಯ ದಾರಿ. ಗವಾಕ್ಷ ಅಂದರೆ ಗೋವಿನ ಅಕ್ಷಿ, ಹಸುವಿನ ಕಣ್ಣು. ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ಕಣ್ಣು. ಮೊದಲನೆಯದರ ತಲೆ, ಎರಡನೆಯದರ ಬಾಲ ತೆಗೆದು ಜೋಡಿಸಿದರೆ ‘ವಾತಾಕ್ಷ’. ಸರಿಯಾಗಿ ವಿಂಡೌಗ!

ಇದು ಬರೀ ಅರ್ಥದ ಹೋಲಿಕೆಯಲ್ಲ. ಸಂಸ್ಕೃತದ ‘ವಾತ’, ಲ್ಯಾಟಿನ್ನಿನ ‘ವೆಂಟುಸ್’, ಇಂಗ್ಲಿಷಿನ ‘ವಿಂಡ್’ ಒಂದೇ ಬೇರಿನಿಂದ ಚಿಗುರಿದವು. ‘ಅಕ್ಷಿ’, ರಷ್ಯನ್ ‘ಒಕೊ’, ನಾರ್ಸ್ ‘ಔಗ’, ಇಂಗ್ಲಿಷ್ ‘ಐ’ ಇನ್ನೊಂದು ಬೇರಿನವು. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಎಂಬಾತ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಣದಲ್ಲಿ ಹೇಳಿದ. ಅಲ್ಲಿಂದ ಮುಂದೆ ವಿದ್ವಾಂಸರು ಸಾಲುಸಾಲು ಪದ ಹೋಲಿಸಿ ಈ ನಂಟನ್ನು ಗಟ್ಟಿಮಾಡಿದರು. ನಮ್ಮ ಕಣ್ಣು ಈ ಮನೆತನದ್ದಲ್ಲ. ಅದು ತಮಿಳು, ತೆಲುಗಿನವರ ಜೊತೆ ಹಂಚಿಕೊಂಡ ದ್ರಾವಿಡ ಪದ.

ಗವಾಕ್ಷ ಹೇಗಿರುತ್ತದೆ ಅಂತ ನೋಡಬೇಕಾದರೆ ಐಹೊಳೆ, ಪಟ್ಟದಕಲ್ಲಿಗೆ ಹೋಗಿ. ಗುಡಿಗಳ ಮೇಲ್ಭಾಗದಲ್ಲಿ ಕುದುರೆ ಲಾಳದ ಆಕಾರದ ಸಣ್ಣ ಸಣ್ಣ ಕಮಾನುಗಳು ಸಾಲಾಗಿ ಕಾಣುತ್ತವೆ. ಅವಕ್ಕೆ ಶಿಲ್ಪಿಗಳು ಇಟ್ಟ ಹೆಸರು ಗವಾಕ್ಷ. ದುರ್ಗ ಗುಡಿಯ ಗೋಡೆಯಲ್ಲಿ ಕಲ್ಲನ್ನೇ ಜಾಲರಿಯಂತೆ ಕೊರೆದ ಜಾಲಂಧ್ರಗಳೂ ಇವೆ. ಒಂದರ ವಿನ್ಯಾಸದಂತೆ ಇನ್ನೊಂದಿಲ್ಲ. ಮಧ್ಯಾಹ್ನ ಹೊರಗೆ ಬಿಸಿಲು ಉರಿಯುವಾಗ ಅವುಗಳ ಹತ್ತಿರ ಕೈ ಹಿಡಿದರೆ ತಣ್ಣನೆಯ ಗಾಳಿ ಬೆರಳಿಗೆ ತಾಗುತ್ತದೆ.

ಗಾಜು ಬಂದ ಮೇಲೆ ಈ ಗಾಳಿಯ ಹೆಸರಿಗೆ ಏನಾಯಿತು? ಗಾಜಿನ ಕಿಟಕಿ ರೋಮನ್ನರಿಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಆ ವಿದ್ಯೆ ಮರೆತುಹೋಗಿತ್ತು. 674ರಲ್ಲಿ ಕಟ್ಟಲು ಶುರುವಾದ ವೇರ್‌ಮೌತ್ ಮಠಕ್ಕೆ ಗಾಜಿನ ಕೆಲಸದವರನ್ನು ಈಗಿನ ಫ್ರಾನ್ಸ್ ಕಡೆಯಿಂದ ಕರೆಸಬೇಕಾಯಿತು. ಅದೂ ಚರ್ಚಿಗೆ. ಸಾಮಾನ್ಯರ ಮನೆಗೆ ಇನ್ನೂ ಎಷ್ಟೋ ಶತಮಾನ ಮರದ ಬಾಗಿಲು, ಎಣ್ಣೆ ಸವರಿದ ಬಟ್ಟೆ, ತೆಳ್ಳಗೆ ಸೀಳಿದ ಕೊಂಬಿನ ಹಾಳೆ. ಶ್ರೀಮಂತರಿಗೂ ಗಾಜು ಒಡವೆಯಿದ್ದ ಹಾಗೆ. 1567ರಲ್ಲಿ ಆಲ್ನಿಕ್ ಕೋಟೆಯ ಬಗ್ಗೆ ಬರೆದ ವರದಿಯಲ್ಲಿ, ಒಡೆಯರು ಊರಲ್ಲಿ ಇಲ್ಲದಾಗ ಕಿಟಕಿಯ ಗಾಜು ಬಿಚ್ಚಿ ಜೋಪಾನವಾಗಿ ಎತ್ತಿಡಬೇಕು ಎಂಬ ಸಲಹೆ ಇದೆ. ಮಳೆಗಾಲಕ್ಕೆ ಮೊದಲು ಅಟ್ಟಕ್ಕೆ ಸಾಮಾನು ಏರಿಸುವ ಹಾಗೆ! ಅದೇ ಕಾಲಕ್ಕೆ ಇಂಗ್ಲೆಂಡಿನ ಹಳ್ಳಿಮನೆಗಳಿಗೆ ಹೊಗೆಗೂಡು ಬರತೊಡಗಿತು. ಹೊಗೆಗೆ ಬೇರೆ ದಾರಿ ಸಿಕ್ಕಿತು. ಗಾಜು ಅಗ್ಗವಾಗುತ್ತಾ ಬಂತು. ಆಗ ಕಿಟಕಿ ನೋಡುವ ಜಾಗವಾಯಿತು. ಗಾಳಿಯನ್ನು ಒಳಗೆ ಬಿಡುವುದಕ್ಕೆ ಹುಟ್ಟಿದ ತೂತು ಗಾಳಿಯನ್ನು ತಡೆದು ಬೆಳಕನ್ನಷ್ಟೇ ಬಿಡುವ ಹಲಗೆಯಾಯಿತು. ಹೆಸರು ಮಾತ್ರ ಬದಲಾಗಲಿಲ್ಲ.

ಬೆಳಕಿಗೂ ಬೆಲೆ ಕಟ್ಟಿದ ಕಾಲ ಒಂದಿತ್ತು. 1696ರಲ್ಲಿ ಮೂರನೇ ವಿಲಿಯಂ ರಾಜನ ಆಡಳಿತ ಕಿಟಕಿಗೆ ತೆರಿಗೆ ಹಾಕಿತು. ಜನರ ಆದಾಯ ಎಷ್ಟು ಅಂತ ಒಳಗೆ ಹೋಗಿ ಕೇಳಿದರೆ ಜಗಳ. ಕಿಟಕಿಯಾದರೆ ಬೀದಿಯಲ್ಲಿ ನಿಂತೇ ಎಣಿಸಬಹುದು. ಹತ್ತು ದಾಟಿದರೆ ತೆರಿಗೆ ಜಾಸ್ತಿ. ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಬಾಡಿಗೆ ಮನೆಗಳ ಒಡೆಯರೂ ಹಾಗೇ ಮಾಡಿದಾಗ ಒಳಗಿದ್ದ ಬಡವರಿಗೆ ಕತ್ತಲೆ, ಉಸಿರುಕಟ್ಟು, ಕಾಯಿಲೆ. ವೈದ್ಯರು, ಜನಪರರು ಬಹಳ ಕಾಲ ಹೋರಾಡಿದ ಮೇಲೆ 1851ರಲ್ಲಿ ಆ ತೆರಿಗೆ ಹೋಯಿತು. 155 ವರ್ಷ! ಬ್ರಿಟನ್ನಿನ ಹಳೆಯ ಬೀದಿಗಳಲ್ಲಿ ಇಟ್ಟಿಗೆ ತುಂಬಿದ ಆ ಕುರುಡು ಕಿಟಕಿಗಳು ಈಗಲೂ ಕಾಣಸಿಗುತ್ತವೆ.

ಇಂಗ್ಲಿಷಿನಲ್ಲಿ ‘ಡೇಲೈಟ್ ರಾಬರಿ’ ಎಂಬ ಮಾತು, ಅಂದರೆ ಹಗಲು ದರೋಡೆ, ಇದರಿಂದಲೇ ಬಂತು ಅಂತ ಬಹಳ ಜನ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ, ನಿಜವಲ್ಲ. ಸುಲಿಗೆಯ ಬೆಲೆ ಎಂಬ ಅರ್ಥದಲ್ಲಿ ಆ ಮಾತು ಬರಹದಲ್ಲಿ ಕಾಣುವುದು 20ನೇ ಶತಮಾನದಲ್ಲಿ, ತೆರಿಗೆ ಹೋಗಿ ದಶಕಗಳೇ ಕಳೆದ ಮೇಲೆ. ಪದದ ಮೂಲ ಹೇಳುವವರು ಕಥೆ ರುಚಿಯಾಗಿದೆ ಅಂತ ಅದಕ್ಕೆ ಬೀಳಬಾರದು. ಮೊದಲು ತಾರೀಖು ನೋಡಬೇಕು. ವಿಂಡೋ ಪದವನ್ನೂ ಜನ ಹೀಗೆ ತಪ್ಪಾಗಿ ಬಿಡಿಸಿದ್ದುಂಟು. ಕೊನೆಯ ‘ಓ’ ಅರ್ಥವಾಗದೆ, ಇದು ‘ವಿಂಡ್ ಡೋರ್’, ಗಾಳಿಬಾಗಿಲು ಇರಬೇಕು ಅಂದುಕೊಂಡು 17ನೇ ಶತಮಾನದಲ್ಲಿ ಕೆಲವರು ‘ವಿಂಡೋರ್’ ಅಂತಲೇ ಬರೆದರು. ತಪ್ಪೇ, ಆದರೆ ಅದರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಪೋರ್ಚುಗೀಸರೂ, ನಮ್ಮ ಕಿಟಕಿಯ ಹಿಂದಿನವರೂ ಅದೇ ಬಾಗಿಲನ್ನೇ ಅಲ್ವಾ ಕಂಡದ್ದು?

ಚೀಟಿಯ ಕೆಲಸ ಮುಂದುವರಿದು ಹಾಲಿನ ದೊಡ್ಡ ವಿಂಡೋ ಹತ್ತಿರ ಬಂತು. ಬಡಗಿಯವರು ಟೇಪ್ ಹಿಡಿದು ಅಳೆದು ಹೇಳಿದರು, ‘ಇಲ್ಲಿ ಫಿಕ್ಸೆಡ್ ಗಾಜು ಹಾಕೋಣ. ನೋಡೋಕೆ ಚೆನ್ನಾಗಿರುತ್ತೆ, ಧೂಳು ಬರಲ್ಲ. ಗಾಳಿಗೆ ಮೇಲೆ ವೆಂಟಿಲೇಟರ್ ಇದೆಯಲ್ಲ.’ ನಾನು ಬೇಡ ಅಂದೆ. ತೆರೆಯುವ ಬಾಗಿಲೇ ಇರಲಿ, ಎರಡೂ ಕಡೆ ಕೊಂಡಿ ಇರಲಿ, ಪಡುವಣ ಗಾಳಿ ಬರುವ ಗೋಡೆ ಅದು. ಅವರು ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಚೀಟಿಯಲ್ಲಿ ‘ವಿಂಡೋ 7’ರ ಪಕ್ಕ ಬರೆದುಕೊಂಡರು: ‘ಎಲ್ಲಾ ಓಪನ್’.